ಸುವಾರ್ತಕ್ಕನ ಗದ್ದೆಯ ಗಿಳಿಗಳು

ಸುಲ್ತಾನ್ ಬತ್ತೇರಿ

ಪೊಲೀಸರು ನನ್ನ ಕಾಗೆಯನ್ನು ಜಪ್ತಿ ಮಾಡಿದ್ದು ಸುಲ್ತಾನ್ ಬತ್ತೇರಿಯ ಬಸ್ ನಿಲ್ದಾಣದಲ್ಲಿ. ನೀವು ನಗಬಹುದು. ಆಗ ನನಗೇನೂ ನಗು ಬರಲಿಲ್ಲ.

ಪರದೇಶ ಎಂದರೆ ಹಡಗನ್ನೋ ವಿಮಾನವನ್ನೋ ಹತ್ತಲೇಬೇಕೆಂದಿಲ್ಲ. ಮೈಸೂರಿನಲ್ಲಿ ಬೆಳಿಗ್ಗೆ ಇಡ್ಲಿ ತಿಂದು ಸರ್ಕಾರಿ ಬಸ್ಸು ಹತ್ತಿ, ಗುಂಡ್ಲುಪೇಟೆ ದಾಟಿ, ಕಾಡು ಮುಗಿಯುವಷ್ಟರಲ್ಲಿ ಅಂಗಡಿಗಳ ಬೋರ್ಡು ಓದಲು ಬಾರದಂತಾದರೆ ಅದೂ ಪರದೇಶವೇ. ಬಿ.ಎ. ಪಾಸು ಮಾಡಿದ ಟೀಚರು ನಾನು, ಮಧ್ಯಾಹ್ನದ ಹೊತ್ತಿಗೆ ಹೆಬ್ಬೆಟ್ಟಾಗಿ ಹೋಗಿದ್ದೆ. ಹೋಟೆಲೆಂದು ನುಗ್ಗಿದ್ದು ಕ್ಷೌರದಂಗಡಿಗೆ. ಒಳಗಿದ್ದ ನಾಲ್ವರು ಗಂಡಸರೂ ಮುಖದ ನೊರೆಯ ಸಮೇತ ಎದ್ದು ನಿಂತು, ಎದುರಿನ ಚಹಾದಂಗಡಿಯತ್ತ ಮರ್ಯಾದೆಯಿಂದ ಕೈ ತೋರಿಸಿದರು.

ನಾನು ಹೊರಟಿದ್ದು ಸುವಾರ್ತಕ್ಕನ ಊರಿಗೆ. ಸುವಾರ್ತಕ್ಕ ನಮ್ಮ ದೊಡ್ಡಮ್ಮನ ಮಗಳು. ಮೈಸೂರಿನಲ್ಲಿ ನರ್ಸಾಗಿದ್ದಳು. ಮರ ಬಿದ್ದು ಕಾಲು ಮುರಿದುಕೊಂಡು ವಯನಾಡಿನಿಂದ ಬಂದ ತೋಮಾಚ್ಚನ್ ಎಂಬ ರೈತನಿಗೆ ಆರೈಕೆ ಮಾಡುತ್ತ ಮಾಡುತ್ತ, ಕಾಲು ಕೂಡಿಕೊಳ್ಳುವಷ್ಟರಲ್ಲಿ ಅವನ ಕೈ ಹಿಡಿದು ಕಾಡು ದಾಟಿ ಹೋದವಳು. ಅವಳ ಸಭೆಯ ಹೆಂಗಸರಿಗೆ, ಮಕ್ಕಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದಿಷ್ಟು ವೇದಪಾಠ ಹೇಳಿಕೊಡು ಬಾ ಎಂದು ಕರೆದಿದ್ದಳು. ನನ್ನ ಹಕ್ಕಿಗಳ ಪಾಠ ನಮ್ಮ ಕಡೆಯ ಸಭೆಗಳಲ್ಲೆಲ್ಲ ಹೆಸರುವಾಸಿ. ದೇವರನ್ನು ನಂಬುವುದು ಹೇಗೆಂದು ಹಕ್ಕಿಗಳನ್ನು ನೋಡಿ ಕಲಿಯಿರಿ ಎಂಬುದು ಪಾಠ. ಅದಕ್ಕೆ ವಿಲಾಯತಿಯಲ್ಲಿ ಅಚ್ಚಾದ ಬಣ್ಣದ ಚಾರ್ಟುಗಳಿದ್ದವು: ಎಲೆ ಕಚ್ಚಿಕೊಂಡು ಬರುವ ಪಾರಿವಾಳ, ರೆಕ್ಕೆಯಡಿ ಮರಿ ಮುಚ್ಚಿಕೊಂಡ ಕೋಳಿ, ಗುಬ್ಬಿ, ಹದ್ದು, ಮತ್ತು ಆ ಕಾಗೆ.

ಕಾಲ ಕೆಟ್ಟಿತ್ತು. ಪುಲ್ಪಳ್ಳಿಯ ಕಡೆ ನಕ್ಸಲೀಯರ ಗಲಾಟೆಯಾಗಿ, ಊರೂರಿಗೆ ಪೊಲೀಸ್ ಕ್ಯಾಂಪು ಬಿದ್ದಿದ್ದವು. ಕಾಡಿನಲ್ಲಿ ಅಡಗಿದವರಿಗೆ ಒಂದು ಹಿಡಿ ಅನ್ನ ಕೊಟ್ಟರೂ ಲಾಠಿ ಏಟು ಎನ್ನುವ ದಿನಗಳು. ಬಸ್ಸಿಳಿದವರ ಗಂಟು ಬಿಚ್ಚಿಸಿ ನೋಡುತ್ತಿದ್ದ ದಪ್ಪ ಮೀಸೆಯ ಹೆಡ್ ಕಾನ್‌ಸ್ಟೇಬಲ್ ನನ್ನ ಸುರುಳಿ ಕಂಡದ್ದೇ ತಡ, ಕಣ್ಣು ಅಗಲ ಮಾಡಿದ. ಗುಂಡ್ಲುಪೇಟೆಯ ತರಕಾರಿ ವ್ಯಾಪಾರಿಯೊಬ್ಬರು ನಡುವೆ ನಿಂತು ನಮ್ಮಿಬ್ಬರ ಮಾತನ್ನು ಅತ್ತಿಂದಿತ್ತ ದಾಟಿಸಿದರು.

"ಕೋಳಿ ಯಾವ ಪಾರ್ಟಿ ಗುರುತು ಅಂತ ಕೇಳ್ತಾವ್ರೆ."

"ಪಾರ್ಟಿ ಅಲ್ಲ ಸ್ವಾಮಿ, ಅದು ದೇವರ ಪ್ರೀತಿ ಅಂತ ಹೇಳಿ."

ಪಾರಿವಾಳ, ಗುಬ್ಬಿ, ಹದ್ದು ಸುಸೂತ್ರವಾಗಿ ದಾಟಿದವು. ಕೊನೆಗೆ ಬಂತು ಕಾಗೆ. ಕಲ್ಲುಬಂಡೆಗಳ ಹಳ್ಳ, ಅದರಲ್ಲಿ ಗಡ್ಡ ಬಿಟ್ಟುಕೊಂಡು ಕೂತ ಒಬ್ಬ ಮನುಷ್ಯ, ಅವನತ್ತ ಕೊಕ್ಕಿನಲ್ಲಿ ರೊಟ್ಟಿ ಕಚ್ಚಿಕೊಂಡು ಇಳಿಯುತ್ತಿರುವ ಕಾಗೆ.

"ಗಡ್ಡದೋನು ಯಾರು ಅಂತೆ."

"ಪ್ರವಾದಿ."

"ಹಳ್ಳದಾಗೆ ಯಾಕೆ ಕುಂತವ್ನಂತೆ?"

"ರಾಜನಿಗೆ ಹೆದರಿ ಅಡಗಿದ್ದಾನೆ."

"ಊಟ ಯಾರು ಕಳಿಸಿದ್ದು?"

"ದೇವರು" ಎಂದುಬಿಟ್ಟ ಮೇಲೆ ನನಗೇ ಹೊಳೆಯಿತು. ಸರ್ಕಾರಕ್ಕೆ ಹೆದರಿ ಅಡಗಿದವನಿಗೆ ಊಟ ಸಾಗಿಸುವ ಚಿತ್ರವನ್ನು ಈ ಊರಿಗೇ ಹೊತ್ತು ತಂದಿದ್ದೇನಲ್ಲ! ಹೆಡ್ ಕಾನ್‌ಸ್ಟೇಬಲ್ ಕಾಗೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಉಳಿದ ಹಕ್ಕಿಗಳನ್ನು ನನ್ನ ಕೈಗೆ ಕೊಟ್ಟ.

"ಬಿಡಿ ಅಮ್ಮಾವ್ರೇ, ಕಾಗೇನ ಮಾತ್ರ ಹಿಡ್ಕಂಡವ್ರೆ, ನಿಮ್ಮುನ್ನ ಬಿಟ್ಟವ್ರೆ. ಪುಣ್ಯ ಅನ್ಕಳಿ" ಎಂದರು ವ್ಯಾಪಾರಿ.

ಕೇಣಿಚಿರ

ಅಲ್ಲಿಂದ ಮುಂದೆ ಪ್ರೈವೇಟ್ ಬಸ್ಸು. ನಮ್ಮ ಕಡೆಯ ಬಸ್ಸಿನಲ್ಲಿ ಸೀಟಿಗಾಗಿ ಕರ್ಚೀಫು ಎಸೆಯುತ್ತಾರೆ, ಜಗಳವಾಡುತ್ತಾರೆ, ಕೊನೆಗೆ ಊರಿನ ಸಮಾಚಾರ ಕೇಳಿ ನೆಂಟರಾಗುತ್ತಾರೆ. ಇಲ್ಲಿ ಜನ ಮಾತಿಲ್ಲದೆ ಸರಿದು ಜಾಗ ಕೊಟ್ಟರು. ನನ್ನ ಪಕ್ಕ ಕೂತ ಮುದುಕಿ ಬಿಳಿ ರವಿಕೆ, ಬಿಳಿ ಮುಂಡು ಉಟ್ಟಿದ್ದಳು. ಮುಂಡಿನ ನೆರಿಗೆಯನ್ನು ಬೀಸಣಿಗೆಯ ಹಾಗೆ ಮಡಿಸಿ ಹಿಂದಕ್ಕೆ ಸಿಕ್ಕಿಸಿಕೊಂಡಿದ್ದಳು. ಅವಳು ಎದ್ದು ನಿಂತಾಗ ಬಾಲ ಬಿಚ್ಚಿದ ಬಿಳಿ ಪಾರಿವಾಳವೇ ನೆನಪಾಯಿತು. ಇಲ್ಲಿನ ಹಳೆಯ ಕ್ರೈಸ್ತ ಹೆಂಗಸರೆಲ್ಲ ಹೀಗೇ ಉಡುತ್ತಾರೆ. ಸೀರೆಯ ಮೇಲೆ ಸ್ವೆಟರು ತೊಟ್ಟ ನಾನು ಅವರ ನಡುವೆ ಕಂಬಳಿಹುಳುವಿನ ಹಾಗಿದ್ದೆ.

ಕೇಣಿಚಿರದ ಕವಲಿನಲ್ಲಿ ಸುವಾರ್ತಕ್ಕ ಕಾದಿದ್ದಳು. ಅಯ್ಯೋ, ಎಷ್ಟು ಸೊರಗಿದ್ದಳು! ಕೆನ್ನೆಯ ಮೂಳೆ ಎದ್ದಿತ್ತು, ಕೈ ಮುಟ್ಟಿದರೆ ಮರದ ಹಲಗೆ. ಆದರೆ ಬಾಯಿ ಮಾತ್ರ ಹಳೆಯದೇ.

"ಸುಗುಣ, ಏನೇ ಇಷ್ಟು ದಪ್ಪ ಆಗಿದೀಯ! ಮೈಸೂರಿನ ಚೋರು ಪೂರಾ ನೀನೊಬ್ಬಳೇ ತಿಂತೀಯಾ?"

ಚೋರು ಎಂದರೆ ಅನ್ನ. ಅವಳ ಕನ್ನಡದೊಳಗೆ ಮಲೆಯಾಳದ ಮಾತುಗಳು ಹೀಗೆ ಹೇಳದೆ ಕೇಳದೆ ಬಂದು ಕೂರುತ್ತಿದ್ದವು. ಮಂಜಿನಲ್ಲಿ ನಡೆದೆವು. ಎರಡೂ ಕಡೆ ಕಾಫಿ ಗಿಡ, ಮರಗಳಿಗೆ ತಬ್ಬಿಕೊಂಡ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಹಣ್ಣಾದ ಭತ್ತದ ಗದ್ದೆ. ಕಾಗೆಯ ಕಥೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಾಳೆಂದುಕೊಂಡಿದ್ದೆ. ನಕ್ಕಳು, ಆದರೆ ನಗು ಅರ್ಧಕ್ಕೇ ನಿಂತಿತು.

"ಆ ಮೀಸೆ ಏಮಾನೇ ಕಣೇ ನಮ್ಮ ಕ್ಯಾಂಪಿಗೂ ಹೆಡ್ಡು. ವಾರಕ್ಕೊಂದು ಸಲ ಬತ್ತೇರಿಗೆ ಹೋಗ್ತಾನೆ. ನಿನ್ನ ಕಾಗೆ ಬಿಡು, ಅವನು ನಮ್ಮ ಬೆದರುಬೊಂಬೆನೂ ಹಿಡ್ಕೊಂಡು ಹೋಗಿದಾನೆ" ಎಂದಳು. ಏಮಾನ್ ಎಂದರೆ ಅಲ್ಲಿ ಪೊಲೀಸ್ ಸಾಹೇಬ.

ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ.

ಗದ್ದೆಯ ಬದು

ಮನೆ ಚಿಕ್ಕದು, ಹುಲ್ಲಿನ ಮಾಡು. ಜೀರಿಗೆ ಹಾಕಿ ಕುದಿಸಿದ ಬಿಸಿನೀರನ್ನೇ ಕುಡಿಯಲು ಕೊಡುತ್ತಾರೆ. ತಣ್ಣೀರು ಕೇಳಿದರೆ ಜ್ವರವೇ ಎಂದು ಹಣೆ ಮುಟ್ಟಿ ನೋಡುತ್ತಾರೆ. ಬೆಳಗಿನ ತಿಂಡಿಗೆ ಬೇಯಿಸಿದ ಮರಗೆಣಸು, ಮೀನಿನ ಸಾರು. ನಾನು ಮೊದಲ ದಿನ ಮೂಗು ಮುರಿದೆ, ಮೂರನೆಯ ದಿನ ಎರಡನೇ ಸಲ ಬಡಿಸಿಕೊಂಡೆ.

ಅಲ್ಲಿನ ಕಷ್ಟವನ್ನು ಸುವಾರ್ತಕ್ಕ ಬದುವಿನ ಮೇಲೆ ಕೂತು ಹೇಳಿದಳು. ಒಂದು ವರ್ಷ ಆನೆ ಬಂದು ಪೈರು ತುಳಿಯಿತು. ಮರುವರ್ಷ ಕೊಯ್ಲಿನ ಹೊತ್ತಿಗೆ ಗಲಾಟೆಯಾಗಿ, ಪೊಲೀಸರಿಗೆ ಹೆದರಿ ಕೂಲಿಯಾಳುಗಳೆಲ್ಲ ಕಾಡು ಸೇರಿದರು, ಭತ್ತ ನಿಂತಲ್ಲೇ ಉದುರಿತು. ಗದ್ದೆಯೇ ವ್ಯಾಜ್ಯದಲ್ಲಿತ್ತು. ಅದು ಮೂಲದಲ್ಲಿ ಪಕ್ಕದ ಪದ್ಮಯ್ಯ ಗೌಡರದು. ತಲೆತಲಾಂತರದ ಹಿಂದೆ ಕನ್ನಡನಾಡಿನಿಂದ ಬಂದು ನೆಲೆಸಿದ ಜೈನರು ಅವರು. ತೋಮಾಚ್ಚನ್ ಗೇಣಿಗೆ ಮಾಡುತ್ತಿದ್ದ. ಉಳುವವನಿಗೇ ಭೂಮಿ ಎಂದು ಕಾನೂನು ಬಂದದ್ದೇ, ಕೇಸು ಕೋರ್ಟಿಗೆ ಹೋಯಿತು. ಗಂಡಸರಿಬ್ಬರಿಗೂ ಮಾತಿಲ್ಲ.

ಈ ಸಲ ಬಂಗಾರದಂಥ ಬೆಳೆ. ಆದರೆ ಗಿಳಿ ಬಿದ್ದಿತ್ತು. ಬೇರೆ ಕಾಲದಲ್ಲಾದರೆ ಏನೂ ಕಷ್ಟವಿಲ್ಲ: ತಗಡು ಬಡಿಯುವುದು, ಪಟಾಕಿ ಹೊಡೆಯುವುದು, ಕೂಗುವುದು. ಈಗ ಪಟಾಕಿ ಹೊಡೆದರೆ ಕ್ಯಾಂಪಿನವರು ಬಂದೂಕೆಂದುಕೊಂಡು ಓಡಿ ಬರುತ್ತಾರೆ. ತಗಡು ಬಡಿದರೆ ಕಾಡಿನವರಿಗೆ ಸನ್ನೆ ಎನ್ನುತ್ತಾರೆ. ಬೆದರುಬೊಂಬೆ ನಿಲ್ಲಿಸಿದರೆ ಮಂಜಿನಲ್ಲಿ ಬಂದೂಕು ಹಿಡಿದ ಮನುಷ್ಯನ ಹಾಗೆ ಕಾಣುತ್ತದಂತೆ. ಪೊಲೀಸರು ಮೂರಕ್ಕೂ ನಿಷೇಧ ಹಾಕಿಬಿಟ್ಟಿದ್ದರು. ಎಲ್ಲರ ಗದ್ದೆಯೂ ಹಾಗೇ. ಆದರೆ ಎಲ್ಲರಿಗಿಂತ ತಡವಾಗಿ ನಾಟಿ ಮಾಡಿದ್ದು ಇವರು. ಸುತ್ತಲ ಗದ್ದೆ ಕೊಯ್ದ ಮೇಲೆ, ಸೀಮೆಯ ಗಿಳಿಗಳಿಗೆಲ್ಲ ಇವರದೊಂದೇ ಎಲೆ ಹಾಕಿದ ಪಂಕ್ತಿ.

"ಈ ನೆಲ್ಲು ಮನೆಗೆ ಬರದಿದ್ರೆ ಇಲ್ಲಿಂದ ಹೊರಡೋದು ಅಂದಿದಾರೆ ನಿಮ್ಮ ಭಾವ. ಕೆಳಗಡೆ ತಿರುವಾಂಕೂರಲ್ಲಿ ಅವರ ಅಣ್ಣನ ಮನೆಗೆ. ಅಲ್ಲಿ ಹೋಗಿ ನಾನು ಆ ಅಣ್ಣನ ಹೆಂಡತಿ ಅಡಿಗೆಮನೆಯಲ್ಲಿ ಪಾತ್ರೆ ತೊಳ್ಕೊಂಡು ಇರಬೇಕು. ನಾನು ಹೋಗಲ್ಲ ಕಣೇ. ಇಲ್ಲಿ ಒಂದೊಂದು ಬದುನೂ ನಾನು ಮಣ್ಣು ಹೊತ್ತು ಕಟ್ಟಿದ್ದು."

ನಾನು ಟೀಚರಲ್ಲವೇ, ಸಮಾಧಾನಕ್ಕೆಂದು ಪಾಠವನ್ನೇ ಶುರು ಮಾಡಿದೆ. ಹಕ್ಕಿಗಳನ್ನು ನೋಡಕ್ಕ, ಅವು ಬಿತ್ತುವುದೂ ಇಲ್ಲ, ಕೊಯ್ಯುವುದೂ ಇಲ್ಲ, ಆದರೂ ದೇವರು ಸಾಕುತ್ತಾನೆ, ಚಿಂತೆ ಮಾಡಬೇಡ ಎಂದೆ. ಅಷ್ಟರಲ್ಲಿ ಒಂದು ಗಿಳಿಹಿಂಡು ಕಿರುಚಿಕೊಂಡು ಬಂದು ಗದ್ದೆಯ ನಡುವಿಗೆ ಇಳಿಯಿತು. ಒಂದು ಗಿಳಿ ತೆನೆಯನ್ನು ಬುಡದಲ್ಲಿ ಕಟಕ್ಕೆಂದು ಕತ್ತರಿಸಿ, ಕಾಲಲ್ಲಿ ಹಿಡಿದುಕೊಂಡು ಬೂರುಗದ ಮರಕ್ಕೆ ಹಾರಿತು.

"ಕೊಯ್ಯಲ್ವಾ? ನೋಡು, ಕುಡುಗೋಲು ಇಲ್ಲದೆ ಹೆಂಗೆ ಕೊಯ್ತು! ಬಿತ್ತಲ್ಲ ಅನ್ನೋದು ಸರಿ. ದೇವರು ಸಾಕ್ತಾನೆ ಅನ್ನೋದೂ ಸರಿ. ಎಲ್ಲಿಂದ ಸಾಕ್ತಾನೆ? ನನ್ನ ಗದ್ದೆಯಿಂದ. ನಿನ್ನ ಪಾಠದಲ್ಲಿ ಗದ್ದೆ ಯಾರದು ಅಂತ ಬರ್ಕೊಂಡಿದೀಯಾ?"

ನಾನು ಪಾಠವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅದು ಅಪರೂಪಕ್ಕೆ ಆಗುವಂಥದ್ದು.

ಭಾನುವಾರ

ಅವರ ದೇವಾಲಯದಲ್ಲಿ ಬೆಂಚಿಲ್ಲ. ನಮ್ಮಲ್ಲಿ ಬೆಂಚಿನ ತುದಿಗೆ ಯಾರು ಕೂರಬೇಕೆಂದು ಸಭೆಯ ಹಿರಿಯರೇ ಗುದ್ದಾಡುತ್ತಾರೆ. ಇಲ್ಲಿ ಎಲ್ಲರೂ ಬರಿಗಾಲಲ್ಲಿ ನಿಂತೇ ಆರಾಧನೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹಾಡು ಮುಗಿದು ಪ್ರಾರ್ಥನೆ, ಪ್ರಾರ್ಥನೆ ಮುಗಿದು ಹಾಡು, ಮುಗಿಯುವಂತೆಯೇ ಕಾಣದು. ನನ್ನ ಕಾಲು ಜೋಮು ಹಿಡಿದು, ಕಂಬಕ್ಕೆ ಒರಗಿಕೊಂಡೆ. ನೆರಿಗೆಯ ಬಾಲದ ಮುದುಕಿಯರು ನೆಟ್ಟ ಗೂಟದ ಹಾಗೆ ಅಲ್ಲಾಡದೆ ನಿಂತಿದ್ದರು. ಸುವಾರ್ತಕ್ಕ ತುಟಿಯಂಚಿನಲ್ಲೇ ಗದರಿದಳು, "ನೆಟ್ಟಗೆ ನಿಲ್ಲೇ. ಇಲ್ಲಿ ದೇವರ ಮುಂದೆ ಒರಗಿಕೊಳ್ಳೋಲ್ಲ."

ಆಮೇಲೆ ನನ್ನ ಪಾಠ. ಸುವಾರ್ತಕ್ಕ ಮಲೆಯಾಳಕ್ಕೆ ತಿರುಗಿಸಿದಳು. ಕೋಳಿ, ಗುಬ್ಬಿ, ಪಾರಿವಾಳ ಎಲ್ಲರಿಗೂ ಒಪ್ಪಿಗೆಯಾದವು. ಎಲ್ಲ ಮುಗಿದ ಮೇಲೆ ಒಬ್ಬಾಕೆ ಕೈಯೆತ್ತಿ, ಹಕ್ಕಿಗಳಿಂದ ಕಲಿಯುವುದು ಸರಿ, ಹಕ್ಕಿಗಳಿಂದ ಸುವಾರ್ತಮ್ಮನ ನೆಲ್ಲು ಉಳಿಸುವುದು ಹೇಗೆ ಎಂದು ಕೇಳಿದಳು. ಹೆಂಗಸರು ತಮ್ಮತಮ್ಮಲ್ಲೇ ಗುಜುಗುಜು ಮಾಡಿಕೊಂಡರು. ಯಾರ ತಲೆಗೆ ಮೊದಲು ಹೊಳೆಯಿತೋ ಕಾಣೆ, ತಗಡಿಗೆ ನಿಷೇಧ, ಪಟಾಕಿಗೆ ನಿಷೇಧ, ಪ್ರಾರ್ಥನೆಗೆ ನಿಷೇಧವಿಲ್ಲವಲ್ಲ ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಸಭೆಯ ಹೆಂಗಸರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತು ಹಾಡಿದರು. ಮೀಸೆ ಏಮಾನು ಬಂದ, ಕೇಳಿದ, ಟೋಪಿ ತೆಗೆದು ಮತ್ತೆ ಹಾಕಿಕೊಂಡ, ಬಂದ ದಾರಿ ಹಿಡಿದ. ಅವರ ಹಾಡುಗಳು ಬಲು ನಿಧಾನ, ಕೇಳಿದರೆ ಕಣ್ಣು ತುಂಬುತ್ತದೆ, ಆದರೆ ಗಿಳಿಗಳ ಕಣ್ಣೇನೂ ತುಂಬಲಿಲ್ಲ. ಹಾಡು ಕೇಳುತ್ತ ಹಾಯಾಗಿ ತಿಂದವು. ಆಗ ನಾನು ಸೆರಗು ಸಿಕ್ಕಿಸಿಕೊಂಡು, ನಮ್ಮ ಮೈಸೂರಿನ ಕಡೆಯ ಚಪ್ಪಾಳೆ ಕೀರ್ತನೆಯೊಂದನ್ನು ಗಂಟಲು ಹರಿಯುವಂತೆ ಎತ್ತಿದೆ. ಗಿಳಿಗಳು ಎದ್ದು ಓಡಿದವು. ನನ್ನ ಕಂಠಕ್ಕೆ ಅಂಥ ಫಲ ಹಿಂದೆಂದೂ ಸಿಕ್ಕಿರಲಿಲ್ಲ. ಎರಡೇ ದಿನಕ್ಕೆ ಅಲ್ಲಿನ ಹೆಂಗಸರು ಅರ್ಥ ತಿಳಿಯದಿದ್ದರೂ ಆ ಕನ್ನಡ ಕೀರ್ತನೆಯನ್ನು ಕಲಿತುಬಿಟ್ಟರು.

ತೋಮಾಚ್ಚನ್ ಮಾತ್ರ ಜಗಲಿಯಿಂದ ಏಳಲಿಲ್ಲ. ಒಳ್ಳೆಯ ಮನುಷ್ಯ, ಕೆಟ್ಟ ಮಾತಾಡಿದವನಲ್ಲ. ಆದರೆ ಕೈಚೆಲ್ಲಿ ಕೂತಿದ್ದ. ನನ್ನೊಡನೆ ತನ್ನ ಮುರುಕು ಕನ್ನಡದಲ್ಲಿ ಹೇಳಿದ, "ಆನೆ ಬಂತು. ಕೇಸು ಬಂತು. ಪೊಲೀಸು ಬಂತು. ದೇವರು ಹೋಗು, ಹೋಗು ಅಂತ ಹೇಳುವುದು. ನಾನು ಕಿವಿ ಕೇಳದವನಾ?"

ಬೇಲಿಯ ಆಚೆ

ಆ ವಾರದ ನಡುವೆ ಎಲ್ಲಿಯೋ ಏನೋ ಆಯಿತು. ಏನೆಂದು ನಮಗೆ ಯಾರೂ ಹೇಳಲಿಲ್ಲ. ಜೀಪುಗಳು ಓಡಾಡಿದವು, ಅಂಗಡಿಗಳು ಹಗಲಲ್ಲೇ ಬಾಗಿಲೆಳೆದುಕೊಂಡವು. ಮೀಸೆ ಏಮಾನು ಬಂದು, ಇನ್ನು ನಾಲ್ವರಿಗಿಂತ ಹೆಚ್ಚು ಜನ ಎಲ್ಲೂ ಕೂಡುವಂತಿಲ್ಲ, ಹಾಡು ಪಾಡು ಏನಿದ್ದರೂ ಮನೆಯೊಳಗೆ ಎಂದ. ಕೊಯ್ಲಿಗೆ ಆಳು ಬರಬೇಕೆಂದರೂ ಇನ್ನು ಕೆಲವು ದಿನ ಕಾಯಬೇಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ನೋಡುವುದಾಯಿತು ಎಂದುಕೊಂಡೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಏಮಾನನ ಮೇಲೆ, ಗಿಳಿಗಳ ಮೇಲೆ, ಸುಳ್ಳೇಕೆ, ದೇವರ ಮೇಲೂ.

ಮರುದಿನ ಬೆಳಿಗ್ಗೆ ಸುವಾರ್ತಕ್ಕ ಮಂಜಿನಲ್ಲೇ ಹೊರಟಳು. ಹಿಂದೆಯೇ ಹೋದೆ. ಗದ್ದೆಯ ನಡುಬದುವಿನಲ್ಲಿ, ಎರಡೂ ಕೈ ಪಕ್ಕಕ್ಕೆ ಚಾಚಿಕೊಂಡು ನಿಂತಿದ್ದಳು.

"ಇದೇನಕ್ಕ?"

"ಬೆದರುಬೊಂಬೆ ನಿಲ್ಲಿಸಬಾರದು ಅಂದ್ರು. ನಾನು ನಿಲ್ಲಬಾರದು ಅಂದಿಲ್ಲ."

ಅವಳೊಬ್ಬಳನ್ನೇ ಬಿಟ್ಟು ಹೋಗುವುದಾದರೂ ಹೇಗೆ? ನಾನು ಇನ್ನೊಂದು ಮೂಲೆಗೆ ಹೋಗಿ ಕೈ ಚಾಚಿದೆ. ವರ್ಷವರ್ಷವೂ ಕೊಯ್ಲಿಗೆ ಬರುತ್ತಿದ್ದ ಕಾಡುಕುರುಬರ ಬೊಮ್ಮಿ ದಾರಿಯಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಅವಳ ಹಾಡಿಯವರ ಮಾತು ನಮ್ಮ ಕನ್ನಡಕ್ಕೆ ಹತ್ತಿರದ್ದು.

"ಟೀಚ್ರಮ್ಮೋ, ಕೈ ಇಳೀತಾ ಅದೆ, ಎತ್ತು! ಗಿಳಿ ನೋಡಿ ನಗ್ತದೆ!" ಎಂದು ಕಿಸಕ್ಕನೆ ನಕ್ಕು, ತಾನೂ ಕೆಸರಿಗಿಳಿದು ಇನ್ನೊಂದು ತುದಿಯಲ್ಲಿ ನಿಂತಳು.

ಸುದ್ದಿಗೆ ಕಾಲು ಬೇಕೇ? ಹೊತ್ತೇರುವಷ್ಟರಲ್ಲಿ ಸಭೆಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬರಿಂದೊಬ್ಬರು ದೂರ ದೂರ, ಪ್ರತಿ ಬದುವಿಗೂ ಒಬ್ಬರು. ನಾಲ್ವರು ಕೂಡುವ ಮಾತೇ ಇಲ್ಲ. ಅಲ್ಲಾಡದೆ ನಿಲ್ಲುವುದು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಭಾನುವಾರ ಭಾನುವಾರ ನಿಂತು ಕಲಿತದ್ದು ಆ ದಿನ ಅನ್ನಕ್ಕೆ ಬಂತು. ಬಿಳಿ ಮುಂಡಿನ ಮುದುಕಿಯರು ಮಂಜಿನಲ್ಲಿ ಹೀಗೆ ಕೈ ಚಾಚಿ ನಿಂತಿದ್ದರು. ಇಂಥ ಜನರಿಗೆ ನಂಬಿಕೆಯ ಪಾಠ ಹೇಳಲು ಚಾರ್ಟು ಸುತ್ತಿಕೊಂಡು ಬಂದಿದ್ದೆನಲ್ಲ ಎನಿಸಿತು.

ಬೇಲಿಯ ಆಚೆಯಿಂದ ಪದ್ಮಯ್ಯ ಗೌಡರು ನೋಡುತ್ತಿದ್ದರು. ತೆಳ್ಳಗೆ, ಎತ್ತರಕ್ಕಿದ್ದ ಮುದುಕರು. ಅವರು ಬೇಲಿ ಸರಿಸಿಕೊಂಡು ಈಚೆ ಬಂದಾಗ ಎಲ್ಲರೂ ಅತ್ತಲೇ ತಿರುಗಿದೆವು. ವ್ಯಾಜ್ಯದ ಗದ್ದೆಗೆ ಎದುರಾಳಿಯೇ ಕಾಲಿಟ್ಟಿದ್ದರು. ಸುವಾರ್ತಕ್ಕ ಕೈಯಿಳಿಸಿದಳು.

"ಏನು ಗೌಡರೇ?"

"ಗದ್ದೆ ಯಾರ್ದು ಅಂತ ಕೋರ್ಟು ಹೇಳ್ಲಿ. ಅದು ನನಗೂ ನಿನ್ನ ಗಂಡನಿಗೂ ಇರೋ ಕೇಸು. ನೆಲ್ಲು ನಿಂದಲ್ಲವಾ ಮಗಳೇ? ಎಲ್ಲಿ ನಿಲ್ಲಲಿ, ಹೇಳು."

ಸುವಾರ್ತಕ್ಕ ಬದುವಿನ ಮೇಲೆ ಎರಡು ಹೆಜ್ಜೆ ಮುಂದೆ ಬಂದಳು. ಕೈಯಲ್ಲೇ ಜಾಗ ತೋರಿಸಿದಳು. ಗೌಡರು ಕೈ ಚಾಚಲಿಲ್ಲ. ಎರಡೂ ಕೈ ಇಳಿಬಿಟ್ಟು, ಗೊಮ್ಮಟನ ಹಾಗೆ ನಿಂತರು. ಕೈ ಚಾಚಿ ಎಂದು ನಾನು ಕೂಗಿ ಹೇಳಿದರೆ, "ನಮ್ಮ ಧರ್ಮದಲ್ಲಿ ತಿನ್ನೋ ಜೀವಾನ ಓಡಿಸಬಾರದು ಕಣಮ್ಮ. ನಾನು ನಿಂತಿದೀನಿ, ಅಷ್ಟೇ. ಹೋಗೋದು ಬಿಡೋದು ಹಕ್ಕಿಗೆ ಬಿಟ್ಟದ್ದು" ಎಂದರು. ಸ್ವಲ್ಪ ಹೊತ್ತಿಗೆ ಒಂದು ಚಿಕ್ಕ ನೆಲ್ಲುಹಕ್ಕಿ ಬಂದು ಅವರ ತಲೆವಸ್ತ್ರದ ಮೇಲೇ ಕೂತಿತು. ಗೌಡರು ಕಣ್ಣು ಮುಚ್ಚಿಕೊಂಡರು, ಅಲ್ಲಾಡಲಿಲ್ಲ. ಬೆದರುಬೊಂಬೆಯ ಪರೀಕ್ಷೆಯಲ್ಲಿ ಗೌಡರು ಪೂರಾ ನಪಾಸು. ಆದರೆ ಅಂಥ ಮುಖ ನಾನು ದೇವಾಲಯಗಳಲ್ಲೂ ಹೆಚ್ಚು ಕಂಡಿಲ್ಲ.

ಮೀಸೆ ಏಮಾನು ಬರದೆ ಇರುತ್ತಾನೆಯೇ? ಬಂದ. ಗದ್ದೆಯ ತುಂಬ ಒಂಟಿ ಒಂಟಿಯಾಗಿ ನಿಂತ ಮನುಷ್ಯರನ್ನು ನೋಡಿ ಬೆಪ್ಪಾದ.

"ಇದೇನು ಸುವಾರ್ತಮ್ಮ?"

"ಒಬ್ಬೊಬ್ಬರೇ ನಿಂತಿದೀವಿ ಏಮಾನೇ. ಕೂಡಿಲ್ಲ, ಹಾಡಿಲ್ಲ, ಬಡಿದಿಲ್ಲ."

ಯಾವ ಕಲಮು ಹಾಕಬೇಕೆಂದು ಯೋಚಿಸುತ್ತ ಅವನು ಬದುವಿನ ಮೇಲೆ ಬಹಳ ಹೊತ್ತು ತಲೆ ಕೆರೆದುಕೊಂಡು ನಿಂತ. ತಮಾಷೆಯೆಂದರೆ, ಅವನು ನಿಂತಷ್ಟೂ ಹೊತ್ತು ಒಂದೇ ಒಂದು ಗಿಳಿಯೂ ಆ ಕಡೆ ಸುಳಿಯಲಿಲ್ಲ. "ಅಯ್ಯಪ್ಪ, ಕಾಕಿ ಕಂಡ್ರೆ ಗಿಳಿಗೂ ಹೆದರಿಕೆ!" ಎಂದಳು ಬೊಮ್ಮಿ ನನಗೆ ಮಾತ್ರ ಕೇಳುವಂತೆ. ಕೊನೆಗೆ ಏಮಾನು, ಸಂಜೆಯಾಗುವ ಮೊದಲು ಎಲ್ಲರೂ ಮನೆ ಸೇರಬೇಕು ಎಂದಷ್ಟೇ ಹೇಳಿ ಹೋದ.

ಮರುದಿನವೂ ನಿಂತೆವು, ಅದರ ಮರುದಿನವೂ. ಮಾತಾಡದೆ ಅಷ್ಟು ಹೊತ್ತು ನಾನು ಹುಟ್ಟಿದಾರಭ್ಯ ಇದ್ದವಳಲ್ಲ. ಬೇರೆ ಕೆಲಸವಿಲ್ಲದೆ ಹಕ್ಕಿಗಳನ್ನು ನೋಡಿದೆ. ಇಷ್ಟು ವರ್ಷ ಹಕ್ಕಿಗಳ ಪಾಠ ಮಾಡಿದೆನಲ್ಲ, ಚಾರ್ಟಿನ ಹಕ್ಕಿ ಬಿಟ್ಟು ಜೀವಂತ ಹಕ್ಕಿಯನ್ನು ಒಂದು ಗಳಿಗೆ ನೆಟ್ಟಗೆ ನೋಡಿದ್ದಿಲ್ಲ. ಗೂಡಿನಲ್ಲಿ ಬಾಯ್ತೆರೆದು ಕೂತ ಗಿಳಿ ಒಂದೂ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಅವುಗಳ ದುಡಿಮೆ ಶುರು. ಒಳ್ಳೆಯ ತೆನೆ ಸಿಕ್ಕವನು ಒಬ್ಬನೇ ಕದ್ದು ತಿನ್ನುವುದಿಲ್ಲ, ಊರಿಗೆಲ್ಲ ಕೇಳುವಂತೆ ಕಿರುಚಿ ಕರೆಯುತ್ತಾನೆ. ಓಡಿಸಿದರೆ ಬೂರುಗದ ಮರಕ್ಕೆ ಹೋಗಿ ಕೂರುತ್ತವೆ, ರೆಕ್ಕೆ ಕೊಡವಿಕೊಳ್ಳುತ್ತವೆ, ಮತ್ತೆ ಬರುತ್ತವೆ. ಮುನಿಸಿಲ್ಲ. ನಾನಾದರೆ ಒಂದು ಪ್ರಾರ್ಥನೆ ನೆರವೇರದಿದ್ದರೆ ದೇವರ ಹತ್ತಿರ ಮಾತು ಬಿಟ್ಟು ಮುಖ ಊದಿಸಿಕೊಂಡಿರುತ್ತೇನೆ. ಆ ಮರದ ಕಡೆ ನೋಡುತ್ತ ನೋಡುತ್ತ ನನಗೆ ಗಿಳಿಗಳ ಮೇಲಿನ ಸಿಟ್ಟೂ ಹೋಯಿತು, ದೇವರ ಮೇಲಿನದೂ ಕರಗಿತು.

ಇದನ್ನು ನಾನು ಸುವಾರ್ತಕ್ಕನಿಗೆ ಹೇಳುವ ಮೊದಲೇ ಅವಳು ತನ್ನದೇ ರೀತಿಯಲ್ಲಿ ಕಂಡುಕೊಂಡಿದ್ದಳು. ಆ ಸಂಜೆ ಕೈಕಾಲು ತೊಳೆದು ಜಗಲಿಗೆ ಬಂದವಳೇ, ಗಂಡನ ಎದುರು ನಿಂತಳು. ಮಲೆಯಾಳದಲ್ಲಿ ಶುರು ಮಾಡಿ, ಸಿಟ್ಟು ಬಂದದ್ದೇ ಕನ್ನಡಕ್ಕೆ ಇಳಿದಳು.

"ದೇವರು ಹೋಗು ಅಂತ ಹೇಳ್ತಿದಾನೆ ಅಂತೀರಲ್ಲ, ಆ ಗಿಳಿಗಳನ್ನ ನೋಡ್ರೀ. ಎಷ್ಟು ಸಲ ಓಡಿಸ್ತೀವಿ ನಾವು? ಇದು ದೇವರ ಸೂಚನೆ, ನಡೀರಿ ಊರು ಬಿಡೋಣ ಅಂತ ಒಂದು ಗಿಳಿಯಾದ್ರೂ ಅಂದಿದೆಯಾ? ಪಕ್ಷಿಗಿರೋ ವಿಶ್ವಾಸ ನಿಮಗಿಲ್ವಾ? ಗೌಡರು ಬಂದು ನಿಂತ್ರು. ಬೊಮ್ಮಿ ನಿಂತ್ಳು. ಗದ್ದೆ ಕಾಣದ ಇವಳೂ ನಿಂತಿದಾಳೆ. ನೀವು ಇಲ್ಲಿ ಕೂತು ದೇವರ ದನಿ ಕೇಳ್ತಿದೀರಿ!"

ತೋಮಾಚ್ಚನ್ ತಲೆ ಎತ್ತಲಿಲ್ಲ. ಅವಳು ಒಳಗೆ ಹೋಗಿ ಪಾತ್ರೆ ಕುಕ್ಕಿದ ಸದ್ದಿಗೆ ನಾನೇ ಬೆಚ್ಚಿಬಿದ್ದೆ.

ಮರುದಿನ ಬೆಳಿಗ್ಗೆ ಮಂಜು ಹೆಚ್ಚಿತ್ತು. ನಾವು ನಮ್ಮ ನಮ್ಮ ಜಾಗ ಹಿಡಿದೆವು. ಮಂಜು ಸರಿದಾಗ ನೋಡಿದರೆ, ಬೂರುಗದ ಮರದ ಬುಡದ ಬದುವಿನಲ್ಲಿ, ಗೌಡರಿಂದ ನಾಲ್ಕು ಮಾರು ಆಚೆ, ತೋಮಾಚ್ಚನ್ ನಿಂತಿದ್ದ. ಮುರಿದು ಕೂಡಿದ ಕಾಲು ನೋಯುತ್ತಿತ್ತೇನೋ, ಒಂದು ಕಡೆಗೆ ವಾಲಿಕೊಂಡಿದ್ದ. ಎರಡೂ ಕೈ ಚಾಚಿದ್ದ. ಗೌಡರು ಅವನತ್ತ ಒಮ್ಮೆ ನೋಡಿ, ತಲೆಯಾಡಿಸಿ, ಮತ್ತೆ ಕಣ್ಣು ಮುಚ್ಚಿಕೊಂಡರು. ಸುವಾರ್ತಕ್ಕ ಗಂಡನನ್ನು ನೋಡಿದರೂ ನೋಡದವಳ ಹಾಗೆ ಇನ್ನೊಂದು ಕಡೆಗೆ ಮುಖ ತಿರುಗಿಸಿದಳು.

ಕಣ

ಕೊಯ್ಲಾಯಿತು. ಬೊಮ್ಮಿಯ ಹಾಡಿಯ ಹೆಂಗಸರು ನಾಲ್ವರ ಮೇಲೆ ಒಬ್ಬರೂ ಹೆಚ್ಚಾಗದಂತೆ ತುಕಡಿ ತುಕಡಿಯಾಗಿ ಬಂದು ಕೊಯ್ದರು. ನಾನೂ ಕುಡುಗೋಲು ಹಿಡಿದು, ಭತ್ತಕ್ಕಿಂತ ಹೆಚ್ಚಾಗಿ ನನ್ನ ಬೆರಳನ್ನೇ ಕೊಯ್ದುಕೊಂಡೆ. "ಟೀಚ್ರಮ್ಮ ಕುಂತುಕೋ, ಕೀರ್ತನೆ ಹೇಳು, ಸಾಕು" ಎಂದು ಬೊಮ್ಮಿ ಕುಡುಗೋಲು ಕಿತ್ತುಕೊಂಡಳು.

ಎಲ್ಲ ಉಳಿಯಿತು ಎನ್ನುವಂತಿಲ್ಲ. ಗದ್ದೆಯ ಒಂದು ಕಡೆ ಪೂರಾ ಜೊಳ್ಳಾಗಿತ್ತು, ಗಿಳಿ ಕತ್ತರಿಸಿ ಬಿಸಾಡಿದ ತೆನೆಗಳು ಕೆಸರಿನಲ್ಲಿ ಮೊಳಕೆ ಒಡೆದಿದ್ದವು. ಹೊರೆಗಳನ್ನು ಅಂಗಳದ ಕಣಕ್ಕೆ ತಂದು ಬಡಿದು, ಕಾಲಲ್ಲಿ ಹೊಸಕಿ, ತೂರಿ, ರಾಶಿ ಮಾಡಿದೆವು. ರಾಶಿ ದೊಡ್ಡದೇನೂ ಇರಲಿಲ್ಲ. ಮುಂದಿನ ಬೆಳೆಯವರೆಗೆ ಗಂಜಿ ಕಾಸಿಕೊಂಡು ಬದುಕಬಹುದು, ಸಾಲದು ಎಂದರೂ ಸಾಲದು, ಸಾಕು ಎಂದರೂ ಸಾಕು. ಇದನ್ನು ಮಾರಿಕೊಂಡರೆ ತಿರುವಾಂಕೂರಿಗೆ ಹೋಗಲೂ ಆಗುತ್ತಿತ್ತು.

ನನ್ನ ಬಸ್ಸು ಮರುದಿನ. ಇರುತ್ತೀರಾ ಹೋಗುತ್ತೀರಾ ಎಂದು ಭಾವನನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಸುವಾರ್ತಕ್ಕನಿಗೂ ಇರಲಿಲ್ಲವೆಂದು ಕಾಣುತ್ತದೆ. ಗಂಡ ಹೆಂಡತಿ ಇಬ್ಬರೂ ಎದುರುಬದುರು ನಿಂತು ಹೊರೆ ಬಡಿಯುತ್ತಲೇ ಇದ್ದರು. ಕೊನೆಯ ಕೆಲವು ಹೊರೆಗಳು ಉಳಿದಿದ್ದವು, ನಡುಬದುವಿನ ಪಕ್ಕದವು, ಇಡೀ ಗದ್ದೆಯಲ್ಲೇ ಕಾಳು ತುಂಬಿದ್ದಂಥವು. ಸುವಾರ್ತಕ್ಕ ಒಂದನ್ನು ಎತ್ತಿ ಬಡಿಯಲು ಕೈ ಬೀಸಿದಳು.

ತೋಮಾಚ್ಚನ್ ಅವಳ ಕೈ ಹಿಡಿದ.

"ಅದು ಬೇಡ."

"ಯಾಕೆ?"

ಅವನು ಹೊರೆಯನ್ನು ಅವಳ ಕೈಯಿಂದ ಬಿಡಿಸಿಕೊಂಡು, ಬೇರೆ ಚಾಪೆ ಹಾಸಿ, ಒಂದೂ ಕಾಳು ಉದುರದ ಹಾಗೆ ಮೆಲ್ಲಗೆ ಮಲಗಿಸಿದ. ಉಳಿದ ಹೊರೆಗಳನ್ನೂ ಒಂದೊಂದಾಗಿ ತಂದು ಅದರ ಪಕ್ಕಕ್ಕಿಟ್ಟ. ಆಮೇಲೆ ಮೈ ನೆಟ್ಟಗೆ ಮಾಡಿ, ಹೆಂಡತಿಯ ಮುಖ ನೋಡದೆ, ಕೆಳಗಿನ ಬರಿದಾದ ಗದ್ದೆಯ ಕಡೆಗೆ ನೋಡುತ್ತ ಹೇಳಿದ:

"ಬೀಜಕ್ಕೆ."

ಸುವಾರ್ತಕ್ಕ ಅಲ್ಲೇ ಹುಲ್ಲಿನ ಮೇಲೆ ದೊಪ್ಪೆಂದು ಕೂತು, ಸೆರಗಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು.